ಟ್ಯಾಗ್ಸ್ ಫೈಲ್ ಕೈಕೊಟ್ಟಾಗ: ವಿಮ್ ಮತ್ತು ಸಿಟ್ಯಾಗ್ಸ್ ದೋಷ ನಿವಾರಣೆ

ವಿಮ್ ಎಂಬ ಎಡಿಟರ್‌ನಲ್ಲಿ ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಬಲ ಚೌಕ ಕಂಸ ಒತ್ತಿದರೆ ಆ ಫಂಕ್ಷನ್ ಬರೆದಿರುವ ಸಾಲಿಗೆ ಹೋಗಬೇಕು. ಹೋಗದಿದ್ದಾಗ ಹೆಚ್ಚಿನವರು ಮೊದಲು ಕೈಹಾಕುವುದು ವಿಮ್‌ನ ಸೆಟ್ಟಿಂಗ್ ಫೈಲಾದ ವಿಮ್‌ಆರ್‌ಸಿಗೆ, ಇಲ್ಲವೇ ಪ್ಲಗಿನ್ನಿಗೆ. ಅಲ್ಲಿಂದ ಶುರುಮಾಡಿದರೆ ಅರ್ಧ ದಿನ ಹೋಗುತ್ತದೆ. ಈ ಕೆಲಸದಲ್ಲಿ ಪಾಲುದಾರರು ಮೂವರು: ಸೋರ್ಸ್ ಓದಿ ಹೆಸರುಗಳನ್ನು ಹೆಕ್ಕುವ ಸಿಟ್ಯಾಗ್ಸ್ ಪ್ರೋಗ್ರಾಂ, ಅದು ಬರೆದಿಟ್ಟ ಟ್ಯಾಗ್ಸ್ ಫೈಲ್, ಆ ಫೈಲ್ ಓದಿ ಜಿಗಿಯುವ ಎಡಿಟರ್. ಮಧ್ಯದ್ದು ಬರೀ ಟೆಕ್ಸ್ಟ್ ಫೈಲ್, ಕಣ್ಣಲ್ಲೇ ಓದಬಹುದು. ಹಾಗಾಗಿ ಅದನ್ನೇ ಮೊದಲು ನೋಡಬೇಕು. ಬೇಕಾದ ಹೆಸರು ಅದರಲ್ಲಿ ಇಲ್ಲದಿದ್ದರೆ ದೋಷ ಸಿಟ್ಯಾಗ್ಸ್ ಕಡೆಯದು, ಇದ್ದೂ ಜಿಗಿಯದಿದ್ದರೆ ಎಡಿಟರ್ ಕಡೆಯದು.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಒಂಟಿ ಅಕ್ಷರದ ಆಯ್ಕೆಗಳ ಪೈಕಿ ಆರ್, ಎಲ್, ವಿ, ಐ ದೊಡ್ಡಕ್ಷರ. ಎ, ಎಫ್, ಸಿ ಸಣ್ಣಕ್ಷರ.

ಫೈಲ್ ತೆರೆದು ನೋಡುವುದು

ಪ್ರಾಜೆಕ್ಟ್‌ನ ಮೂಲ ಫೋಲ್ಡರ್‌ನಲ್ಲಿ ನಿಂತು ಹೆಸರು ಹುಡುಕಿ:

ಗ್ರೆಪ್ '^ಬಿಲ್_ಓಪನ್' ಟ್ಯಾಗ್ಸ್

ಎಲ್ಲ ಸರಿಯಿದ್ದರೆ ಇಂಥದೊಂದು ಸಾಲು ಬರುತ್ತದೆ:

ಬಿಲ್_ಓಪನ್    ಎಸ್‌ಆರ್‌ಸಿ/ಬಿಲ್.ಸಿ    /^ಇಂಟ್ ಬಿಲ್_ಓಪನ್(ವಾಯ್ಡ್)$/;"    ಎಫ್

ಮೊದಲು ಹೆಸರು, ಆಮೇಲೆ ಫೈಲಿನ ದಾರಿ, ಆಮೇಲೆ ಆ ಫೈಲಿನೊಳಗೆ ಹುಡುಕಬೇಕಾದ ಸಾಲು, ಕೊನೆಗೆ ಅದು ಎಂಥ ಹೆಸರು ಎಂಬ ಗುರುತು. ಎಫ್ ಅಂದರೆ ಫಂಕ್ಷನ್. ನಡುವಿನ ಜಾಗಗಳೆಲ್ಲ ಟ್ಯಾಬ್, ಸ್ಪೇಸ್ ಅಲ್ಲ. ಎಡಿಟರ್‌ನಲ್ಲಿ ಟ್ಯಾಗ್ಸ್ ಫೈಲನ್ನೇ ತೆರೆದು ಸೇವ್ ಮಾಡುವಾಗ ಟ್ಯಾಬ್ ಸ್ಪೇಸ್ ಆಗಿಬಿಟ್ಟರೆ ವಿಮ್ ಇ431 ಎಂದು, ಅಂದರೆ ಫೈಲಿನ ರೂಪವೇ ತಪ್ಪಿದೆ ಎಂದು, ಗೊಣಗುತ್ತದೆ.

ಫೈಲಿನ ತಲೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುವ ಕೆಲವು ಸಾಲುಗಳಿರುತ್ತವೆ. ಅವುಗಳಲ್ಲಿ ಟ್ಯಾಗ್_ಫೈಲ್_ಸಾರ್ಟೆಡ್ ಎಂಬುದರ ಮುಂದಿನ ಅಂಕಿ ಮುಖ್ಯ: 0 ಅಂದರೆ ವಿಂಗಡಿಸಿಲ್ಲ, 1 ಅಂದರೆ ವಿಂಗಡಿಸಿದೆ, 2 ಅಂದರೆ ದೊಡ್ಡಕ್ಷರ ಸಣ್ಣಕ್ಷರ ಭೇದವಿಲ್ಲದೆ ವಿಂಗಡಿಸಿದೆ. ಇದು ಮುಂದೆ ಬೇಕಾಗುತ್ತದೆ. ಫೈಲಿನಲ್ಲಿ ಈ ತಲೆಸಾಲುಗಳಷ್ಟೇ ಇದ್ದು ಕೆಳಗೆ ಏನೂ ಇಲ್ಲವೆಂದರೆ ಸಿಟ್ಯಾಗ್ಸ್ ಓಡಿದೆ, ಆದರೆ ಒಂದೂ ಫೈಲನ್ನು ತನ್ನದೆಂದು ಗುರುತಿಸಿಲ್ಲ.

ಯಾವ ಸಿಟ್ಯಾಗ್ಸ್ ಓಡುತ್ತಿದೆ?

ಹೆಚ್ಚಿನ ದೂರುಗಳು ಇಲ್ಲಿಗೇ ಮುಗಿಯುತ್ತವೆ. ಸಿಟ್ಯಾಗ್ಸ್ ಎಂಬ ಒಂದೇ ಹೆಸರಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಪ್ರೋಗ್ರಾಂಗಳು ಓಡಾಡುತ್ತಿವೆ.

ಟೈಪ್ -ಎ ಸಿಟ್ಯಾಗ್ಸ್
ಸಿಟ್ಯಾಗ್ಸ್ --ವರ್ಷನ್

ಎರಡನೆಯದಕ್ಕೆ ಯೂನಿವರ್ಸಲ್ ಸಿಟ್ಯಾಗ್ಸ್ ಎಂದು ಉತ್ತರ ಬಂದರೆ ಮುಂದಕ್ಕೆ ಹೋಗಿ. ಎಕ್ಸುಬರೆಂಟ್ ಸಿಟ್ಯಾಗ್ಸ್ 5.8 ಎಂದು ಬಂದರೆ ಅದು 2009ರ ಬಿಡುಗಡೆ, ಅದರ ನಂತರ ಹೊಸದು ಬಂದಿಲ್ಲ. ಗೋ, ರಸ್ಟ್, ಟೈಪ್‌ಸ್ಕ್ರಿಪ್ಟ್ ಇವ್ಯಾವುವೂ ಅದಕ್ಕೆ ಗೊತ್ತಿಲ್ಲ. ಗೋ ಪ್ರಾಜೆಕ್ಟ್ ಮೇಲೆ ಓಡಿಸಿದರೆ ತಪ್ಪು ಸಂದೇಶವನ್ನೂ ಕೊಡದೆ ಖಾಲಿ ಫೈಲ್ ಬರೆದು ಸುಮ್ಮನಾಗುತ್ತದೆ. ಅದರ ಕೆಲಸವನ್ನು ಮುಂದುವರಿಸಿದ್ದು ಯೂನಿವರ್ಸಲ್ ಸಿಟ್ಯಾಗ್ಸ್. ಅದರ 6.0 ಆವೃತ್ತಿ 2022ರಲ್ಲಿ ಬಂತು. ಹೊಸದಾಗಿ ಹಾಕಿಕೊಳ್ಳುವವರಿಗೆ ಬೇರೆ ಯಾವುದೂ ಬೇಡ.

ಮ್ಯಾಕ್‌ನಲ್ಲಿ "ಇಲ್ಲೀಗಲ್ ಆಪ್ಷನ್ -- ಆರ್" ಎಂದು ಬಂದರೆ ಓಡುತ್ತಿರುವುದು ಯುಎಸ್‌ಆರ್/ಬಿನ್ ಒಳಗಿನ ಹಳೆಯ ಬಿಎಸ್‌ಡಿ ಸಿಟ್ಯಾಗ್ಸ್. ಅದಕ್ಕೆ ಫೋಲ್ಡರ್ ಒಳಗೆ ಇಳಿದು ಹುಡುಕುವ ಆಯ್ಕೆಯೇ ಇಲ್ಲ. ಹೋಮ್‌ಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್‌ನಿಂದ ಯೂನಿವರ್ಸಲ್-ಸಿಟ್ಯಾಗ್ಸ್ ಹಾಕಿದ ಮೇಲೂ ಅದೇ ಸಂದೇಶ ಬರುತ್ತಿದ್ದರೆ ಪಾತ್‌ನಲ್ಲಿ, ಅಂದರೆ ಶೆಲ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಹೋಮ್‌ಬ್ರೂ ಫೋಲ್ಡರ್ ಹಿಂದೆ ಬಿದ್ದಿದೆ. ಆ ಫೋಲ್ಡರ್ ಆಪಲ್ ಸಿಲಿಕಾನ್ ಯಂತ್ರದಲ್ಲಿ /ಆಪ್ಟ್/ಹೋಮ್‌ಬ್ರೂ/ಬಿನ್, ಇಂಟೆಲ್ ಯಂತ್ರದಲ್ಲಿ /ಯುಎಸ್‌ಆರ್/ಲೋಕಲ್/ಬಿನ್. ಪಾತ್ ಸರಿಯಿದ್ದೂ ಹಳೆಯದೇ ಓಡಿದರೆ ಶೆಲ್ ಹಳೆಯ ದಾರಿ ನೆನಪಿಟ್ಟುಕೊಂಡಿದೆ. ಹ್ಯಾಶ್ -ಆರ್ ಕೊಡಿ, ಇಲ್ಲಿ ಮಾತ್ರ ಆರ್ ಸಣ್ಣಕ್ಷರ. ಇಲ್ಲವೇ ಟರ್ಮಿನಲ್ ಮುಚ್ಚಿ ತೆರೆಯಿರಿ.

ಇಮ್ಯಾಕ್ಸ್ ಕೂಡ ತನ್ನದೇ ಸಿಟ್ಯಾಗ್ಸ್ ತರುತ್ತದೆ. ಅದರಲ್ಲಿ ದೊಡ್ಡ ಆರ್‌ಗೆ ಅರ್ಥವೇ ಬೇರೆ. ಹಾಗಾಗಿ ಆಯ್ಕೆ ತಪ್ಪು ಎನ್ನುವುದಿಲ್ಲ, ಬದಲಿಗೆ ಫೋಲ್ಡರನ್ನು ತೋರಿಸಿ "ಇದು ರೆಗ್ಯುಲರ್ ಫೈಲ್ ಅಲ್ಲ" ಎಂದು ಬಿಟ್ಟುಹೋಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಇವೆಲ್ಲ ಒಟ್ಟಿಗೆ ಕೂತಿದ್ದರೆ ಯಾವುದು ಓಡಬೇಕೆಂದು ಆರಿಸಲು:

ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಸಿಟ್ಯಾಗ್ಸ್

ಟರ್ಮಿನಲ್‌ನಲ್ಲಿ ಸರಿ, ವಿಮ್ ಒಳಗಿಂದ ತಪ್ಪು ಎಂಬ ಸ್ಥಿತಿಯೂ ಉಂಟು. ಮ್ಯಾಕ್‌ವಿಮ್‌ನಂಥ ಕಿಟಕಿಯ ಎಡಿಟರನ್ನು ಡಾಕ್‌ನಿಂದ ತೆರೆದಾಗ ಅದಕ್ಕೆ ನಿಮ್ಮ ಶೆಲ್‌ನ ಪಾತ್ ಸಿಗದೇ ಹೋಗಬಹುದು. ವಿಮ್ ಒಳಗೆ :ಎಕೋ ಎಕ್ಸ್‌ಇಪಾತ್('ಸಿಟ್ಯಾಗ್ಸ್') ಕೊಟ್ಟು ಅದು ತೋರಿಸುವ ದಾರಿಯನ್ನು ಟರ್ಮಿನಲ್‌ನ ದಾರಿಗೆ ಹೋಲಿಸಿ.

ಫೈಲ್ ಇದೆ, ಹೆಸರು ಇಲ್ಲ

ಇಡೀ ಪ್ರಾಜೆಕ್ಟ್ ಮೇಲೆ ಪದೇ ಪದೇ ಓಡಿಸಬೇಡಿ. ಹೆಸರು ಬರಬೇಕಾದ ಒಂದೇ ಫೈಲ್ ಹಿಡಿದು, ಫಲಿತಾಂಶ ತೆರೆಯ ಮೇಲೇ ಬರುವಂತೆ ಮಾಡಿ:

ಸಿಟ್ಯಾಗ್ಸ್ --ಆಪ್ಷನ್ಸ್=ನನ್ -ಎಫ್ - ಎಸ್‌ಆರ್‌ಸಿ/ಬಿಲ್.ಸಿ

ಇಲ್ಲಿ ನನ್ ಎಂಬುದನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕು. ಅದರ ಅರ್ಥ, ಎಲ್ಲೋ ಇರುವ ಕಾನ್ಫಿಗ್ ಫೈಲ್‌ಗಳನ್ನು ಓದಬೇಡ. ಹೀಗೆ ಓಡಿಸಿದಾಗ ಹೆಸರು ಬಂದರೆ ಪಾರ್ಸರ್, ಅಂದರೆ ಸೋರ್ಸ್ ಓದಿ ಬಿಡಿಸುವ ಭಾಗ, ಸರಿಯಿದೆ; ನಿಮ್ಮ ಕಾನ್ಫಿಗ್ ಅಥವಾ ಹೊರಗಿಡುವ ಪಟ್ಟಿ ಅದನ್ನು ನುಂಗಿದೆ. ಬರದಿದ್ದರೆ ಅದಕ್ಕೇ -ವಿ ಸೇರಿಸಿ. ಯಾವ ಫೈಲನ್ನು ಯಾವ ಭಾಷೆ ಎಂದು ತೆರೆಯಿತು, ಯಾವುದನ್ನು ಭಾಷೆ ಗೊತ್ತಿಲ್ಲವೆಂದು ಬಿಟ್ಟಿತು ಎಂಬುದೆಲ್ಲ ಸಾಲುಸಾಲಾಗಿ ಬರುತ್ತದೆ.

ಭಾಷೆ ಗೊತ್ತಿಲ್ಲ ಎಂದರೆ ಹೆಚ್ಚಾಗಿ ಫೈಲಿನ ವಿಸ್ತರಣೆ ನೋಂದಣಿ ಆಗಿಲ್ಲ. --ಲಿಸ್ಟ್-ಮ್ಯಾಪ್ಸ್ ಕೊಟ್ಟರೆ ಯಾವ ಭಾಷೆಗೆ ಯಾವ ವಿಸ್ತರಣೆ ಎಂದು ಪಟ್ಟಿ ಸಿಗುತ್ತದೆ. ನಿಮ್ಮದು ಇಲ್ಲದಿದ್ದರೆ ಸೇರಿಸಬಹುದು: ಉದಾಹರಣೆಗೆ ಡಾಟ್ ಟಿಎಸ್‌ಎಕ್ಸ್ ಫೈಲ್‌ಗಳನ್ನು ಟೈಪ್‌ಸ್ಕ್ರಿಪ್ಟ್ ಎಂದು ಓದಿಸಲು --ಮ್ಯಾಪ್-ಟೈಪ್‌ಸ್ಕ್ರಿಪ್ಟ್=+.ಟಿಎಸ್‌ಎಕ್ಸ್. ಆ ಕೂಡಿಸುವ ಚಿಹ್ನೆ ಮರೆತರೆ ಇದ್ದ ಪಟ್ಟಿ ಹೋಗಿ ಹೊಸದೊಂದೇ ಉಳಿಯುತ್ತದೆ. ಡಾಟ್ ಟಿಎಸ್ ಫೈಲ್‌ಗಳು ಕಾಣೆಯಾಗುತ್ತವೆ.

ಸಿ ಭಾಷೆಯಲ್ಲಿ ಇನ್ನೆರಡು ಕಾರಣ. ಒಂದು, ಹೆಡರ್ ಫೈಲಿನ ಪ್ರೊಟೊಟೈಪ್‌ಗಳನ್ನು, ಅಂದರೆ ಒಡಲಿಲ್ಲದ ಫಂಕ್ಷನ್ ಘೋಷಣೆಗಳನ್ನು, ಸಿಟ್ಯಾಗ್ಸ್ ತಾನಾಗಿ ದಾಖಲಿಸುವುದಿಲ್ಲ. ಲೈಬ್ರರಿಯ ಸೋರ್ಸ್ ನಿಮ್ಮ ಬಳಿ ಇಲ್ಲದೆ /ಯುಎಸ್‌ಆರ್/ಇನ್‌ಕ್ಲೂಡ್ ಮೇಲಷ್ಟೇ ಓಡಿಸಿದರೆ ಸ್ಟ್ರಕ್ಟ್, ಮ್ಯಾಕ್ರೊ ಸಿಗುತ್ತವೆ, ಫಂಕ್ಷನ್ ಸಿಗುವುದಿಲ್ಲ. ಡಾಟ್ ಎಚ್ ಫೈಲ್‌ಗಳನ್ನು ಸಿಟ್ಯಾಗ್ಸ್ ಸಿ++ ಎಂದು ಓದುವುದರಿಂದ --ಕೈಂಡ್ಸ್-ಸಿ++=+ಪಿ ಸೇರಿಸಬೇಕು. ಎರಡು, ಮ್ಯಾಕ್ರೊಗಳು. ಸಿಟ್ಯಾಗ್ಸ್ ಕಂಪೈಲರ್ ಅಲ್ಲ, ಹೆಡರ್‌ಗಳನ್ನೆಲ್ಲ ಎಳೆದು ತಂದು ಮ್ಯಾಕ್ರೊ ಬಿಡಿಸಿ ನೋಡುವುದಿಲ್ಲ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಹೆಡರ್‌ಗಳಲ್ಲಿ ಪ್ರೊಟೊಟೈಪ್ ಮುಗಿದು ಅರ್ಧವಿರಾಮ ಬರುವ ಮೊದಲು __ಥ್ರೋ (ಪೂರ್ತಿ ದೊಡ್ಡಕ್ಷರ) ಎಂಬ ಮ್ಯಾಕ್ರೊ ಕೂತಿರುತ್ತದೆ. ಅದು ಪಾರ್ಸರ್‌ನ ದಾರಿ ತಪ್ಪಿಸುತ್ತದೆ. -ಐ __ಥ್ರೋ ಎಂದು ಕೊಟ್ಟರೆ ಆ ಪದವನ್ನು ಇಲ್ಲವೆಂದೇ ಎಣಿಸುತ್ತದೆ. ಮ್ಯಾಕ್ರೊ ಹಿಂದೆ ಕಂಸದಲ್ಲಿ ಏನಾದರೂ ಇದ್ದು ಅದನ್ನೂ ಬಿಡಬೇಕಿದ್ದರೆ ಹೆಸರಿನ ಕೊನೆಗೆ ಕೂಡಿಸುವ ಚಿಹ್ನೆ ಹಚ್ಚಿ.

ಲಿನಕ್ಸ್ ಕರ್ನಲ್‌ನಲ್ಲಿ ಈ ಮ್ಯಾಕ್ರೊ ಕಾಟ ವಿಪರೀತ. ಸಿಸ್_ರೀಡ್ ಎಂಬ ಹೆಸರು ಸೋರ್ಸ್‌ನಲ್ಲಿ ಫಂಕ್ಷನ್ ಆಗಿ ಸಿಗುವುದಿಲ್ಲ, ಸಿಸ್‌ಕಾಲ್_ಡಿಫೈನ್3 ಎಂಬ ಮ್ಯಾಕ್ರೊ ಅದನ್ನು ಕಟ್ಟುತ್ತದೆ. ಅದಕ್ಕೆಂದೇ ಕರ್ನಲ್ ಮರದ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ ಟ್ಯಾಗ್ಸ್.ಎಸ್‌ಎಚ್ ಇದೆ, ಇಂಥ ಮ್ಯಾಕ್ರೊಗಳಿಗೆ ಬೇಕಾದ ರೆಜೆಕ್ಸ್‌ಗಳನ್ನು (ಹುಡುಕುವ ಮಾದರಿಗಳನ್ನು) ಅದರಲ್ಲಿ ಬರೆದಿಟ್ಟಿದ್ದಾರೆ. ಆದ್ದರಿಂದ ಅಲ್ಲಿ ಬರೀ ಸಿಟ್ಯಾಗ್ಸ್ ಓಡಿಸಬೇಡಿ. ಮೇಕ್ ಟ್ಯಾಗ್ಸ್ ಎನ್ನಿ, ಜೊತೆಗೆ ಎಆರ್‌ಸಿಎಚ್=ಎಆರ್‌ಎಂ64 ಎಂದು ಆರ್ಕಿಟೆಕ್ಚರ್ ಹೇಳಿ (ಮೊದಲ ಪದ ದೊಡ್ಡಕ್ಷರ, ಎರಡನೆಯದು ಸಣ್ಣಕ್ಷರ). ಇಲ್ಲದಿದ್ದರೆ ನೀವು ಕೆಲಸ ಮಾಡುವ ಆರ್ಕಿಟೆಕ್ಚರ್ ಒಂದಾದರೆ ಜಿಗಿಯುವುದು ಇನ್ನೊಂದರ ಫೈಲಿಗೆ.

ಕಾನ್ಫಿಗ್ ಫೈಲಿನ ಗಲಾಟೆಯೂ ಸಾಕಷ್ಟಿದೆ. ಎಕ್ಸುಬರೆಂಟ್ ಓದುತ್ತಿದ್ದುದು ಹೋಮ್ ಫೋಲ್ಡರ್‌ನ ಡಾಟ್ ಸಿಟ್ಯಾಗ್ಸ್ ಎಂಬ ಫೈಲ್. ಯೂನಿವರ್ಸಲ್ ಅದನ್ನು ಮುಟ್ಟುವುದೂ ಇಲ್ಲ; ಅದಕ್ಕೆ ಬೇಕಾದದ್ದು ಡಾಟ್ ಸಿಟ್ಯಾಗ್ಸ್ ಡಾಟ್ ಡಿ ಎಂಬ ಫೋಲ್ಡರ್, ಅದರೊಳಗೆ ಡಾಟ್ ಸಿಟ್ಯಾಗ್ಸ್ ಎಂದು ಕೊನೆಯಾಗುವ ಫೈಲ್‌ಗಳು. ಹೊಸ ಆವೃತ್ತಿಗೆ ಬಂದ ದಿನವೇ ನಿಮ್ಮ ಹೊರಗಿಡುವ ಪಟ್ಟಿ ಕೆಲಸ ನಿಲ್ಲಿಸಿದ್ದರೆ ಕಾರಣ ಇದೇ. ಆ ಫೈಲಿನಲ್ಲಿ ಸಾಲಿಗೊಂದೇ ಆಯ್ಕೆ ಬರೆಯಬೇಕು, ಉದ್ಧರಣ ಚಿಹ್ನೆ ಹಾಕಬಾರದು. ಟರ್ಮಿನಲ್‌ನಲ್ಲಿ --ಎಕ್ಸ್‌ಕ್ಲೂಡ್="ಬಿಲ್ಡ್" ಎಂದರೆ ಉದ್ಧರಣ ಚಿಹ್ನೆಯನ್ನು ಶೆಲ್ ತೆಗೆದುಹಾಕುತ್ತದೆ. ಕಾನ್ಫಿಗ್ ಫೈಲಿಗೆ ಶೆಲ್ ಇಲ್ಲ, ಅಲ್ಲಿ ಅದು ಹೆಸರಿನ ಭಾಗವಾಗಿಯೇ ಉಳಿದು ಯಾವ ಫೋಲ್ಡರಿಗೂ ಹೊಂದುವುದಿಲ್ಲ.

ಟರ್ಮಿನಲ್‌ನಲ್ಲೂ ಕ್ರಮ ಲೆಕ್ಕಕ್ಕೆ ಬರುತ್ತದೆ. ಸಿಟ್ಯಾಗ್ಸ್ ಎಡದಿಂದ ಬಲಕ್ಕೆ ಓದುತ್ತ ಹೋಗುತ್ತದೆ, ಫೋಲ್ಡರ್ ಸಿಕ್ಕಿದ ತಕ್ಷಣ ಒಳಗಿಳಿದು ಕೆಲಸ ಮುಗಿಸುತ್ತದೆ. "ಸಿಟ್ಯಾಗ್ಸ್ -ಆರ್ . --ಎಕ್ಸ್‌ಕ್ಲೂಡ್=ಬಿಲ್ಡ್" ಎಂದು ಬರೆದರೆ ಹೊರಗಿಡುವ ಮಾತು ಬರುವಷ್ಟರಲ್ಲಿ ಎಲ್ಲ ಓದಿಯಾಗಿರುತ್ತದೆ. ಚುಕ್ಕೆ ಯಾವತ್ತೂ ಕೊನೆಗೆ.

ಬರೆಯಲು ಒಪ್ಪದಿದ್ದಾಗ

"ಇದು ಟ್ಯಾಗ್ ಫೈಲಿನಂತೆ ಕಾಣುತ್ತಿಲ್ಲ, ಇದರ ಮೇಲೆ ಬರೆಯಲಾರೆ" ಎಂಬರ್ಥದ ಸಂದೇಶ ಬಂದು ನಿಂತರೆ ಸಿಟ್ಯಾಗ್ಸ್ ನಿಮ್ಮನ್ನು ಕಾಪಾಡುತ್ತಿದೆ ಎಂದೇ ತಿಳಿಯಿರಿ. -ಎಫ್ ಮುಂದೆ ಟ್ಯಾಗ್ಸ್ ಫೈಲಿನ ಹೆಸರು ಬಿಟ್ಟುಹೋಗಿ ಸೋರ್ಸ್ ಫೈಲಿನ ಹೆಸರು ಬಂದಿರಬಹುದು. ಒಪ್ಪಿದ್ದರೆ ಸೋರ್ಸ್ ಅಳಿಸಿಹೋಗುತ್ತಿತ್ತು. ಇನ್ನೊಂದು ಕಾರಣ, ಯಾರೋ ಟ್ಯಾಗ್ಸ್ ಫೈಲನ್ನು ಗಿಟ್‌ಗೆ ಕಮಿಟ್ ಮಾಡಿದ್ದಾರೆ, ಮರ್ಜ್ ಮಾಡುವಾಗ ಘರ್ಷಣೆಯಾಗಿ ಮೊದಲ ಸಾಲಿನಲ್ಲಿ ಓರೆ ಕಂಸಗಳ ಸಾಲು ಕೂತಿದೆ. ಫೈಲನ್ನು ಅಳಿಸಿ, ಗಿಟ್‌ನಿಂದ ತೆಗೆದು ಹೊಸದಾಗಿ ಮಾಡಿಕೊಳ್ಳುವುದೇ ಸರಿ. ಪ್ರಾಜೆಕ್ಟ್‌ನಲ್ಲಿ ಟ್ಯಾಗ್ಸ್ ಎಂಬ ಫೋಲ್ಡರ್ ಮೊದಲೇ ಇದ್ದರೆ -ಎಫ್ .ಟ್ಯಾಗ್ಸ್ ಎಂದು ಬೇರೆ ಹೆಸರು ಕೊಟ್ಟು ವಿಮ್‌ಗೂ ಅದನ್ನೇ ಹೇಳಿ.

ಮ್ಯಾಕ್, ವಿಂಡೋಸ್‌ಗಳ ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡುವುದಿಲ್ಲ. ವಿಮ್‌ನ ಸಣ್ಣಕ್ಷರದ ಟ್ಯಾಗ್ಸ್, ಇಮ್ಯಾಕ್ಸ್‌ನ ದೊಡ್ಡಕ್ಷರದ ಟ್ಯಾಗ್ಸ್ ಎರಡೂ ಅಲ್ಲಿ ಒಂದೇ ಫೈಲ್. ತಂಡದಲ್ಲಿ ಎರಡೂ ಎಡಿಟರ್ ಬಳಸುವ ಸ್ಕ್ರಿಪ್ಟ್ ಇದ್ದರೆ ಒಂದರ ಮೇಲೊಂದು ಸದ್ದಿಲ್ಲದೆ ಬರೆಯುತ್ತದೆ, ಏಕೆಂದರೆ ಎರಡೂ ಟ್ಯಾಗ್ ಫೈಲಿನಂತೆಯೇ ಕಾಣುತ್ತವೆ.

ಹೆಸರು ಇದೆ, ಜಿಗಿಯುವುದಿಲ್ಲ

ಈಗ ವಿಮ್ ಒಳಗೆ. ಮೊದಲ ಪ್ರಶ್ನೆ, ವಿಮ್ ನೋಡುತ್ತಿರುವುದು ಇದೇ ಫೈಲನ್ನೋ?

:ಎಕೋ ಟ್ಯಾಗ್‌ಫೈಲ್ಸ್()
:ವರ್ಬೋಸ್ ಸೆಟ್ ಟ್ಯಾಗ್ಸ್?

ಮೊದಲನೆಯದು ನಿಜಕ್ಕೂ ಸಿಕ್ಕ ಫೈಲ್‌ಗಳ ಪಟ್ಟಿ. ಅದು ಖಾಲಿಯಿದ್ದರೆ ಇ433, ಟ್ಯಾಗ್ಸ್ ಫೈಲೇ ಇಲ್ಲ ಎಂಬ ದೋಷ ಬಂದೇ ಬರುತ್ತದೆ. ಎರಡನೆಯದು ಸೆಟ್ಟಿಂಗ್ ಏನಿದೆ, ಅದನ್ನು ಕೊನೆಗೆ ಬದಲಿಸಿದ್ದು ಯಾವ ಸ್ಕ್ರಿಪ್ಟ್ ಎಂದು ಹೇಳುತ್ತದೆ. ತಾನಾಗಿ ಇರುವ ಸೆಟ್ಟಿಂಗ್‌ನಲ್ಲಿ ವಿಮ್ ಈಗಿನ ಫೈಲಿನ ಫೋಲ್ಡರ್ ಮತ್ತು ಕೆಲಸದ ಫೋಲ್ಡರ್ ಎರಡನ್ನೇ ನೋಡುತ್ತದೆ, ಮೇಲೆ ಹತ್ತುವುದಿಲ್ಲ. ಹತ್ತಿಸಲು ಅರ್ಧವಿರಾಮ ಬೇಕು:

ಸೆಟ್ ಟ್ಯಾಗ್ಸ್=./ಟ್ಯಾಗ್ಸ್;,ಟ್ಯಾಗ್ಸ್;

ಆ ಅರ್ಧವಿರಾಮವೇ ಮೇಲಿನ ಫೋಲ್ಡರ್‌ಗಳಿಗೆ ಏಣಿ. ಹತ್ತಿರದ ಫೈಲೇ ಮೊದಲು ಸಿಗುವುದರಿಂದ ಎಲ್ಲೋ ಒಳ ಫೋಲ್ಡರ್‌ನಲ್ಲಿ ಹಳೆಯ ಟ್ಯಾಗ್ಸ್ ಫೈಲ್ ಬಿದ್ದಿದ್ದರೆ ಅದರ ಹಳಸಲು ಸಾಲೇ ಗೆಲ್ಲುತ್ತದೆ. ತೆರೆದ ಫೈಲಿನ ಫೋಲ್ಡರಿಗೇ ಕೆಲಸದ ಫೋಲ್ಡರ್ ಬದಲಿಸುವ ಆಟೊಸಿಎಚ್‌ಡಿಐಆರ್ ಸೆಟ್ಟಿಂಗ್ ಇಟ್ಟುಕೊಂಡು ವಿಮ್ ಒಳಗಿಂದ ಸಿಟ್ಯಾಗ್ಸ್ ಓಡಿಸುವವರ ಪ್ರಾಜೆಕ್ಟ್‌ಗಳಲ್ಲಿ ಇಂಥ ಮರಿ ಫೈಲ್‌ಗಳು ಹೋದಲ್ಲೆಲ್ಲ ಹುಟ್ಟಿರುತ್ತವೆ. ಫೈಂಡ್ ಕಮಾಂಡ್‌ನಿಂದ ಹುಡುಕಿ ಅಳಿಸಿ.

ಹೆಸರು ಸಿಕ್ಕಿತು, ಆದರೆ ಇ429, ಅಂದರೆ ಸಾಲಿನಲ್ಲಿ ಬರೆದ ಫೈಲೇ ಇಲ್ಲ ಎಂದು ಬಂದರೆ ದಾರಿ ತಪ್ಪಿದೆ. ಟ್ಯಾಗ್ಸ್ ಫೈಲನ್ನು ಕಣ್ಣಿಗೆ ಬೀಳದಂತೆ ಡಾಟ್ ಗಿಟ್ ಫೋಲ್ಡರ್ ಒಳಗಿಡುವವರಿಗೆ ಇದು ಗ್ಯಾರಂಟಿ. ವಿಮ್ ದಾರಿ ಲೆಕ್ಕ ಹಾಕುವುದು ಟ್ಯಾಗ್ಸ್ ಫೈಲ್ ಇರುವ ಜಾಗದಿಂದ. ಸಿಟ್ಯಾಗ್ಸ್ ಬರೆದದ್ದು ಅದನ್ನು ಓಡಿಸಿದ ಜಾಗದಿಂದ. ಹಾಗಾಗಿ ವಿಮ್ ಡಾಟ್ ಗಿಟ್ ಒಳಗಿನ ಎಸ್‌ಆರ್‌ಸಿ ಫೋಲ್ಡರ್ ಹುಡುಕುತ್ತದೆ, ಅಂಥದೊಂದು ಇರುವುದೇ ಇಲ್ಲ. ಮಾಡುವಾಗಲೇ ಸರಿಪಡಿಸಿ:

ಸಿಟ್ಯಾಗ್ಸ್ -ಆರ್ --ಟ್ಯಾಗ್-ರಿಲೇಟಿವ್=ಯೆಸ್ -ಎಫ್ .ಗಿಟ್/ಟ್ಯಾಗ್ಸ್ .

ಮೇಲಿನ ಸೆಟ್ಟಿಂಗ್ ಡಾಟ್ ಗಿಟ್ ಒಳಗೆ ನೋಡುವುದಿಲ್ಲ; ./.ಗಿಟ್/ಟ್ಯಾಗ್ಸ್; ಎಂಬುದನ್ನೂ ಅಲ್ಪವಿರಾಮ ಹಾಕಿ ಅದಕ್ಕೆ ಸೇರಿಸಬೇಕು.

ಇ432 ಬಂದರೆ ವಿಂಗಡಣೆ ಕೆಟ್ಟಿದೆ. ತಲೆಸಾಲಿನಲ್ಲಿ 1 ಕಂಡ ವಿಮ್ ಫೈಲನ್ನು ಅರ್ಧರ್ಧ ಸೀಳುತ್ತ ಬೈನರಿ ಹುಡುಕಾಟ ಮಾಡುತ್ತದೆ. ಸಾಲುಗಳು ಬೈಟ್ ಕ್ರಮದಲ್ಲಿ ಇಲ್ಲದಿದ್ದರೆ ಹೆಸರನ್ನು ದಾಟಿ ಹೋಗುತ್ತದೆ. ಎಷ್ಟೋ ಸಲ ಇ432 ಕೂಡ ಬರುವುದಿಲ್ಲ, ಗ್ರೆಪ್‌ಗೆ ಕಾಣುವ ಹೆಸರಿಗೆ ವಿಮ್ ಇ426, ಸಿಗಲಿಲ್ಲ ಎನ್ನುತ್ತದೆ. ಪರೀಕ್ಷೆ ಸುಲಭ: :ಸೆಟ್ ನೋಟ್ಯಾಗ್‌ಬಿಸರ್ಚ್ ಕೊಟ್ಟು ಮತ್ತೆ ಜಿಗಿಯಿರಿ. ಈಗ ಸಿಕ್ಕರೆ ವಿಂಗಡಣೆಯೇ ಅಪರಾಧಿ. ಎರಡು ಟ್ಯಾಗ್ಸ್ ಫೈಲ್‌ಗಳನ್ನು ಕೈಯಾರೆ ಒಂದರ ಹಿಂದೊಂದು ಅಂಟಿಸಿದಾಗ, ಅಥವಾ ಸಿಸ್ಟಂನ ಭಾಷಾ ಸೆಟ್ಟಿಂಗ್‌ನಲ್ಲೇ ಸಾರ್ಟ್ ಮಾಡಿದಾಗ ಹೀಗಾಗುತ್ತದೆ. ಸಾರ್ಟ್ ಮಾಡಲೇಬೇಕಿದ್ದರೆ ಮುಂದೆ ಎಲ್‌ಸಿ_ಆಲ್=ಸಿ ಎಂದು ಪೂರ್ತಿ ದೊಡ್ಡಕ್ಷರದಲ್ಲಿ ಹಚ್ಚಿ.

ಇ435, "ಸಿಗಲಿಲ್ಲ, ಊಹಿಸುತ್ತಿದ್ದೇನೆ" ಎಂಬುದು ದೋಷಕ್ಕಿಂತ ಹೆಚ್ಚಾಗಿ ಸೂಚನೆ: ಟ್ಯಾಗ್ಸ್ ಮಾಡಿದ ಮೇಲೆ ಆ ಸಾಲು ಬದಲಾಗಿದೆ. ಇ434 ಬಂದರೆ ಊಹೆಗೂ ಸಿಕ್ಕಿಲ್ಲ. ಎರಡಕ್ಕೂ ಮದ್ದು ಟ್ಯಾಗ್ಸ್ ಹೊಸದಾಗಿ ಮಾಡುವುದು. ತಾಜಾ ಫೈಲಿನಲ್ಲೂ ಪಕ್ಕದ ಸಾಲಿಗೆ ಜಿಗಿಯುತ್ತಿದ್ದರೆ ಹುಡುಕುವ ಸಾಲಿನ ಉದ್ದ ನೋಡಿ. ಯೂನಿವರ್ಸಲ್ ಅದನ್ನು 96 ಅಕ್ಷರಕ್ಕೆ ಕತ್ತರಿಸುತ್ತದೆ. ಅಲ್ಲಿಯವರೆಗೆ ಒಂದೇ ರೀತಿ ಇರುವ ಎರಡು ಸಾಲುಗಳಿದ್ದರೆ ಮೊದಲನೆಯದೇ ಸಿಗುತ್ತದೆ. --ಪ್ಯಾಟರ್ನ್-ಲೆಂತ್-ಲಿಮಿಟ್=0 ಎಂದರೆ ಕತ್ತರಿ ನಿಲ್ಲುತ್ತದೆ.

ಪೈಥಾನ್‌ನಲ್ಲಿ ಕ್ಲಾಸ್‌ಗೆ ಹೋಗುವ ಬದಲು ಇಂಪೋರ್ಟ್ ಸಾಲಿಗೇ ಹೋಗಿ ನಿಲ್ಲುವುದು ಎಕ್ಸುಬರೆಂಟ್‌ನ ಹಳೆಯ ಚಾಳಿ, --ಪೈಥಾನ್-ಕೈಂಡ್ಸ್=-ಐ ಕೊಟ್ಟರೆ ಬಿಡುತ್ತದೆ; ಇಲ್ಲಿ ಐ ಸಣ್ಣಕ್ಷರ. ಒಂದೇ ಹೆಸರು ಹಲವು ಕಡೆ ಇದ್ದಾಗ ಕಂಟ್ರೋಲ್ ಕಂಸ ಮೊದಲ ಹೊಂದಾಣಿಕೆಗೆ ಹೋಗುತ್ತದೆ. ಜಿ ಒತ್ತಿ ಬಲ ಚೌಕ ಕಂಸ ಒತ್ತಿದರೆ ಪಟ್ಟಿ ಬರುತ್ತದೆ. ಕೈಯಿಂದ ಹೆಸರು ಟೈಪ್ ಮಾಡಿದರೆ ಸಿಗುತ್ತದೆ, ಕರ್ಸರ್‌ನಿಂದ ಸಿಗುವುದಿಲ್ಲ ಎಂದಾದರೆ ಐಎಸ್‌ಕೀವರ್ಡ್ ಸೆಟ್ಟಿಂಗ್ ನೋಡಿ: ನಡುವೆ ಅಡ್ಡಗೆರೆಯಿರುವ ಹೆಸರನ್ನು ವಿಮ್ ತುಂಡು ಮಾಡಿ ಹುಡುಕುತ್ತಿದೆ.

ವಿಮ್‌ನಿಂದ ಕವಲೊಡೆದ ನಿಯೋವಿಮ್ ಬಳಸುವವರು :ಸೆಟ್ ಟ್ಯಾಗ್‌ಫಂಕ್? ಕೊಟ್ಟು ನೋಡಿ. ಲ್ಯಾಂಗ್ವೇಜ್ ಸರ್ವರ್ (ಕೋಡನ್ನು ಅರ್ಥಮಾಡಿಕೊಂಡು ಎಡಿಟರ್‌ಗೆ ಉತ್ತರ ಕೊಡುವ ಪ್ರೋಗ್ರಾಂ) ಜೋಡಿಸಿದ್ದರೆ ಜಿಗಿತದ ಕೋರಿಕೆ ಮೊದಲು ಅದರ ಬಳಿ ಹೋಗುತ್ತದೆ, ಟ್ಯಾಗ್ಸ್ ಫೈಲ್ ಸರದಿ ಆಮೇಲೆ. ನೀವು ದುರಸ್ತಿ ಮಾಡುತ್ತಿರುವ ಫೈಲನ್ನು ಎಡಿಟರ್ ತೆರೆದೇ ಇರಲಿಕ್ಕಿಲ್ಲ.

ಗುಟೆನ್‌ಟ್ಯಾಗ್ಸ್ ಹಾಕಿದ್ದರೆ

ಸೇವ್ ಮಾಡಿದಾಗಲೆಲ್ಲ ಹಿನ್ನೆಲೆಯಲ್ಲಿ ಟ್ಯಾಗ್ಸ್ ಹೊಸದು ಮಾಡುವ ಈ ಪ್ಲಗಿನ್ "ಸಿಟ್ಯಾಗ್ಸ್ ಜಾಬ್ ಫೇಲ್ಡ್, ರಿಟರ್ನ್ಡ್: 1" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮೇಲೆ ಹೇಳಿದ ತಪ್ಪು ಸಿಟ್ಯಾಗ್ಸ್ ಅಥವಾ ಅದಕ್ಕೆ ತಿಳಿಯದ ಆಯ್ಕೆಯೇ ಹೆಚ್ಚಾಗಿ ಕಾರಣ. ಎಕ್ಸುಬರೆಂಟ್‌ನ --ಎಕ್ಸ್‌ಟ್ರಾ ಯೂನಿವರ್ಸಲ್‌ನಲ್ಲಿ --ಎಕ್ಸ್‌ಟ್ರಾಸ್ ಆಗಿದೆ. ಯಾರದೋ ವಿಮ್‌ಆರ್‌ಸಿಯಿಂದ ನಕಲು ಮಾಡಿದ ಆಯ್ಕೆಗಳಲ್ಲಿ ಇಂಥವು ಇರುತ್ತವೆ. ಜಿ:ಗುಟೆನ್‌ಟ್ಯಾಗ್ಸ್_ಟ್ರೇಸ್ 1 ಮಾಡಿ, :ಗುಟೆನ್‌ಟ್ಯಾಗ್ಸ್‌ಅಪ್‌ಡೇಟ್! ಕೊಟ್ಟು, :ಮೆಸೇಜಸ್ ತೆರೆದರೆ ಪೂರ್ತಿ ಕಮಾಂಡ್ ಸಿಗುತ್ತದೆ. ಅದನ್ನು ಟರ್ಮಿನಲ್‌ಗೆ ಅಂಟಿಸಿ ಓಡಿಸಿ, ಸಿಟ್ಯಾಗ್ಸ್ ತಾನೇ ಬಾಯಿಬಿಡುತ್ತದೆ.

ಪ್ಲಗಿನ್ ಹೊಸದನ್ನು ಟ್ಯಾಗ್ಸ್.ಟೆಂಪ್ ಎಂಬ ಫೈಲಿಗೆ ಬರೆದು, ಮುಗಿದ ಮೇಲೆ ಹೆಸರು ಬದಲಿಸುತ್ತದೆ. ಮಧ್ಯದಲ್ಲಿ ಕೆಟ್ಟರೆ ಹಳೆಯ ಫೈಲ್ ಹಾಗೇ ಉಳಿಯುತ್ತದೆ, ಹಾಗಾಗಿ ಎಲ್ಲ ನಡೆಯುತ್ತಿದೆ ಎಂದೇ ಅನಿಸುತ್ತದೆ. ಫೈಲಿನ ದಿನಾಂಕ ನೋಡಿದರೆ ಗೊತ್ತಾಗುತ್ತದೆ. ಯಾವ ಸಿಟ್ಯಾಗ್ಸ್ ಓಡದಿರುವಾಗಲೂ ಟ್ಯಾಗ್ಸ್.ಲಾಕ್, ಟ್ಯಾಗ್ಸ್.ಟೆಂಪ್ ಬಿದ್ದಿದ್ದರೆ ಅಳಿಸಬಹುದು. ಇನ್ನು, ಡಾಟ್ ಗಿಟ್‌ನಂಥ ಗುರುತು ಇಲ್ಲದ ಫೋಲ್ಡರನ್ನು ಅದು ಪ್ರಾಜೆಕ್ಟ್ ಎಂದೇ ಒಪ್ಪುವುದಿಲ್ಲ. ದೋಷವೂ ಇಲ್ಲ, ಟ್ಯಾಗ್ಸೂ ಇಲ್ಲ.

ಫೈಲ್ ಉಬ್ಬಿದಾಗ

ನೋಡ್_ಮಾಡ್ಯೂಲ್ಸ್, ಬಿಲ್ಡ್, ಮಿನಿಫೈ ಮಾಡಿದ ಜಾವಾಸ್ಕ್ರಿಪ್ಟ್ ಇವು ಒಳಗೆ ಬಂದರೆ ಟ್ಯಾಗ್ಸ್ ಫೈಲ್ ನೂರಾರು ಎಂಬಿ ಆಗುತ್ತದೆ, ಜಿಗಿತ ಕಂಡ ಕಂಡ ಲೈಬ್ರರಿಗೆ ಹೋಗುತ್ತದೆ. ಗಿಟ್‌ಇಗ್ನೋರ್ ಫೈಲನ್ನೇ --ಎಕ್ಸ್‌ಕ್ಲೂಡ್=@ ಜೊತೆ ಕೊಡುವ ಒಂದು ಉಪಾಯ ಚಾಲ್ತಿಯಲ್ಲಿದೆ, ಅದನ್ನು ನಂಬಬೇಡಿ: ಎರಡರ ನಿಯಮಗಳು ಬೇರೆ, ಆಶ್ಚರ್ಯಸೂಚಕದಿಂದ ಶುರುವಾಗುವ ವಿನಾಯಿತಿ ಸಾಲುಗಳು ಸಿಟ್ಯಾಗ್ಸ್‌ಗೆ ಅರ್ಥವಾಗುವುದಿಲ್ಲ. ಫೈಲ್ ಪಟ್ಟಿಯನ್ನು ಗಿಟ್‌ನಿಂದಲೇ ಪಡೆಯುವುದು ವಾಸಿ:

ಗಿಟ್ ಎಲ್‌ಎಸ್-ಫೈಲ್ಸ್ --ಕ್ಯಾಶ್ಡ್ --ಅದರ್ಸ್ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್ | ಸಿಟ್ಯಾಗ್ಸ್ -ಎಲ್ -

ಅದರ್ಸ್ ಇಲ್ಲದಿದ್ದರೆ ಇನ್ನೂ ಗಿಟ್‌ಗೆ ಸೇರಿಸದ ಹೊಸ ಫೈಲ್‌ಗಳು ಬಿಟ್ಟುಹೋಗುತ್ತವೆ. ಫೈಲ್ ಹೆಸರುಗಳು ಕನ್ನಡದಲ್ಲಿದ್ದರೆ ಇನ್ನೊಂದು ತೊಡಕು: ಗಿಟ್ ಅವನ್ನು ಉದ್ಧರಣ ಚಿಹ್ನೆಯೊಳಗೆ \340\262 ಎಂಬಂಥ ಅಂಕಿಗಳಾಗಿ ಕೊಡುತ್ತದೆ, ಸಿಟ್ಯಾಗ್ಸ್ ಆ ಹೆಸರಿನ ಫೈಲ್ ತೆರೆಯಲಾಗದೆ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಗಿಟ್ ಪದದ ಪಕ್ಕದಲ್ಲೇ -ಸಿ ಕೋರ್.ಕೋಟ್‌ಪಾತ್=ಆಫ್ ಸೇರಿಸಿದರೆ ಹೆಸರು ಹೆಸರಾಗಿಯೇ ಬರುತ್ತದೆ. ವಿಂಡೋಸ್ ಪವರ್‌ಶೆಲ್ 5.1ರಲ್ಲಿ ಪಟ್ಟಿಯನ್ನು ಓರೆ ಕಂಸದಿಂದ ಫೈಲಿಗೆ ತಿರುಗಿಸಿ -ಎಲ್‌ಗೆ ಕೊಟ್ಟರೆ ಒಂದೂ ಫೈಲ್ ತೆರೆಯುವುದಿಲ್ಲ, ಏಕೆಂದರೆ ಆ ಶೆಲ್ ಪಟ್ಟಿಯನ್ನು ಯುಟಿಎಫ್-16ರಲ್ಲಿ ಬರೆದಿರುತ್ತದೆ. ಅದೇ ಕಮಾಂಡನ್ನು ಗಿಟ್ ಬ್ಯಾಶ್‌ನಲ್ಲಿ ಓಡಿಸಿ.

ಟ್ಯಾಗ್ಸ್ ಫೈಲ್ ಗಿಟ್‌ಗೆ ಮತ್ತೆ ಸೇರದಂತೆ ತಡೆಯಲು ತಂಡದ ಗಿಟ್‌ಇಗ್ನೋರ್ ಮುಟ್ಟಬೇಕಿಲ್ಲ. ನಿಮ್ಮ ಪ್ರತಿಯ .ಗಿಟ್/ಇನ್‌ಫೋ/ಎಕ್ಸ್‌ಕ್ಲೂಡ್ ಫೈಲಿನಲ್ಲಿ /ಟ್ಯಾಗ್ಸ್ ಎಂದು ಒಂದು ಸಾಲು ಹಾಕಿದರೆ ಸಾಕು. ಮುಂದಿನ ಓರೆಗೆರೆ ಬಿಡಬೇಡಿ. ಬಿಟ್ಟರೆ ಒಳಗಿನ ಟ್ಯಾಗ್ಸ್ ಹೆಸರಿನ ಫೋಲ್ಡರ್‌ಗಳೂ ಗಿಟ್‌ಗೆ ಕಾಣದಂತಾಗುತ್ತವೆ.